ಕರುಳಿನ ಮಾತನ್ನು ಮನೆಯವರಿಗೆ ಹೇಳಿ



ಕನ್ನಡ ಭಾಷೆಯಲ್ಲಿ ಕರುಳಿಗೆ ಇರುವಷ್ಟು ಗೌರವ ಶರೀರದ ಬೇರೆ ಅವಯವಗಳಿಗೆ ಸಿಕ್ಕಿರುವುದು ವಿರಳ. ಹೆತ್ತ ಕರುಳು ಎನ್ನುತ್ತೇವೆ, ಕರುಳಿನ ಕುಡಿ ಎನ್ನುತ್ತೇವೆ, ದೂರದೂರಿನಿಂದ ಕೆಟ್ಟ ಸುದ್ದಿ ಬಂದರೆ ಕರುಳು ಚುರುಕ್ಕೆಂದಿತು ಎನ್ನುತ್ತೇವೆ. ಒಡಹುಟ್ಟಿದವರ ನಂಟಿಗೆ ಕರುಳಸಂಬಂಧವೆಂದೇ ಹೆಸರು. ಮೂವತ್ತೈದು ವರ್ಷ ಮೇಷ್ಟರಾಗಿದ್ದವನಾದ್ದರಿಂದ ಈ ನುಡಿಗಟ್ಟುಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಕರುಳು ತನ್ನ ನಿತ್ಯದ ಕೆಲಸದಲ್ಲಿ ಏನಾದರೊಂದು ತೊಂದರೆಯನ್ನು ಸೂಚಿಸಿತೆನ್ನಿ, ಆ ಮಾತು ಮಾತ್ರ ನಮ್ಮ ಮನೆಗಳಲ್ಲಿ ಯಾರ ಬಾಯಿಂದಲೂ ಹೊರಡುವುದಿಲ್ಲ. ರಕ್ತದೊತ್ತಡವನ್ನು ಜಗುಲಿಯ ಮೇಲೆ ಕುಳಿತು ಚರ್ಚಿಸುತ್ತೇವೆ, ಸಕ್ಕರೆ ಕಾಯಿಲೆಯನ್ನು ಮದುವೆಮನೆಯ ಪಂಕ್ತಿಯಲ್ಲಿಯೇ ಸಾರುತ್ತೇವೆ; ಮಲದಲ್ಲಿ ರಕ್ತ ಕಂಡಿತೆಂಬುದನ್ನು ಹೆಂಡತಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತೇವೆ.

ಈ ಸಲ ನಾನು ಬರೆಯಹೊರಟಿರುವುದು ಕರುಳಿನಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟಿನ ವಿಚಾರ. ಶಸ್ತ್ರಚಿಕಿತ್ಸೆಯಿಲ್ಲದೆ, ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿಯ ಕೊಳವೆಯ ಮೂಲಕವೇ ಅದನ್ನು ತೆಗೆದುಬಿಡುವ ವಿದ್ಯೆ ಇಂದು ನಮ್ಮ ಜಿಲ್ಲಾಕೇಂದ್ರಗಳವರೆಗೂ ಬಂದಿದೆ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಪಾಲಿಪ್ ತೆಗೆಯುವುದು ವೈದ್ಯರಿಗೆ ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಆದರೆ ಆ ಚಿಕಿತ್ಸೆಯ ಫಲ ಪೂರ್ಣವಾಗಿ ದೊರೆಯಬೇಕಾದರೆ ಇನ್ನೂ ಮೂರು ಕೆಲಸಗಳು ಆಗಬೇಕು: ತೆಗೆದದ್ದು ಏನೆಂಬುದು ರೋಗಿಗೆ ಅವನ ಭಾಷೆಯಲ್ಲಿ ತಿಳಿಯಬೇಕು, ಮುಂದಿನ ತಪಾಸಣೆಯ ಗಡುವನ್ನು ಆತ ಪಾಲಿಸಬೇಕು, ಮತ್ತು ಆ ವಿಷಯ ಆತನ ಒಡಹುಟ್ಟಿದವರಿಗೂ ಮಕ್ಕಳಿಗೂ ತಲುಪಬೇಕು. ಈ ಮೂರನೆಯದನ್ನು ನಾವು ಸಂಕೋಚದಿಂದ ಬಿಟ್ಟುಬಿಡುತ್ತಿದ್ದೇವೆ. ಆ ಸಂಕೋಚಕ್ಕೆ ತೆರುವ ಬೆಲೆ ಕೆಲವೊಮ್ಮೆ ಒಂದು ಜೀವವೇ ಆಗಿರುತ್ತದೆ.

ಪಾಲಿಪ್ ಎಂದರೇನೆಂಬುದನ್ನು ತುಸು ವಿವರಿಸಬೇಕು. ಕರುಳಿನ ಒಳಪದರದ ಮೇಲೆ ಬೆಳೆಯುವ ಹೆಚ್ಚುವರಿ ಮಾಂಸವದು. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಗೋಡೆಗೆ ಅಂಟಿಕೊಂಡ ಬೇಳೆಯಂತೆ ಚಪ್ಪಟೆಯಾಗಿರುತ್ತವೆ. ಬಹುಪಾಲು ಪಾಲಿಪ್‌ಗಳು ನೋವು ಕೊಡುವುದಿಲ್ಲ, ಇರುವ ಸುಳಿವನ್ನೂ ನೀಡುವುದಿಲ್ಲ. ಇವುಗಳಲ್ಲಿ ಅಡಿನೋಮವೆಂಬ ಜಾತಿಯದು ಮುಖ್ಯ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇಂತಹ ಅಡಿನೋಮವಾಗಿ ಮೊದಲುಗೊಂಡಿರುತ್ತವೆ. ಆದರೆ ಅಡಿನೋಮಗಳಲ್ಲಿ ಬಹುಪಾಲು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಈ ಎರಡು ವಾಕ್ಯಗಳನ್ನೂ ಒಟ್ಟಿಗೇ ನೆನಪಿಡಬೇಕು. ಮೊದಲನೆಯದನ್ನು ಮಾತ್ರ ನೆನಪಿಟ್ಟವನು ಹೆದರಿ ಸಾಯುತ್ತಾನೆ, ಎರಡನೆಯದನ್ನು ಮಾತ್ರ ನೆನಪಿಟ್ಟವನು ಮೈಮರೆಯುತ್ತಾನೆ. ಸಣ್ಣ ಅಡಿನೋಮವೊಂದು ಕ್ಯಾನ್ಸರ್ ಆಗಿ ಬದಲಾಗಲು ಸಾಧಾರಣವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಆ ಕಾಲಾವಕಾಶವೇ ನಮಗಿರುವ ಅನುಕೂಲ. ಅಷ್ಟರೊಳಗೆ ಅದನ್ನು ಕಂಡು ತೆಗೆದರೆ, ಬರಬಹುದಾಗಿದ್ದ ರೋಗವೊಂದು ಹುಟ್ಟುವ ಮೊದಲೇ ಇಲ್ಲವಾಗುತ್ತದೆ.

ಜಠರದಲ್ಲಿಯೂ ಪಾಲಿಪ್ ಆಗುವುದುಂಟು. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳನ್ನು ನುಂಗುವವರಲ್ಲಿ ಕಾಣುವ ಒಂದು ಬಗೆಯ ಸಣ್ಣ ಪಾಲಿಪ್‌ಗಳು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯದ ದೀರ್ಘಕಾಲದ ಸೋಂಕಿನಿಂದಲೂ ಬೇರೊಂದು ಬಗೆಯವು ಹುಟ್ಟುತ್ತವೆ. ಯಾವುದು ಯಾವ ಬಗೆಯದೆಂದು ನಿರ್ಧರಿಸುವುದು ಸೂಕ್ಷ್ಮದರ್ಶಕದ ಕೆಲಸ. ಬರಿಗಣ್ಣಿನ ಊಹೆಯನ್ನು ನಂಬಿ ಕೂರುವಂತಿಲ್ಲ.

ಈ ವಿದ್ಯೆ ಬೆಳೆದುಬಂದ ಬಗೆಯಲ್ಲಿ ನಮ್ಮ ದೇಶದವರೊಬ್ಬರ ಪಾತ್ರವೂ ಇದೆಯೆಂಬುದು ಅನೇಕರಿಗೆ ಗೊತ್ತಿಲ್ಲ. ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಂದಿಗೆ ಸಂಶೋಧನೆ ನಡೆಸಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಬಾಗಿದ ದಾರಿಯಲ್ಲಿಯೂ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದರು. ಅದೇ ತತ್ತ್ವವನ್ನು ಬಳಸಿ ಅಮೆರಿಕದಲ್ಲಿ ಬ್ಯಾಸಿಲ್ ಹಿರ್ಷೊವಿಟ್ಜ್ ಅವರು 1957ರಲ್ಲಿ ಬಳುಕುವ ಎಂಡೋಸ್ಕೋಪನ್ನು ಪ್ರಯೋಗಿಸಿದರು; ಅದನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವೂಲ್ಫ್ ಮತ್ತು ಜಪಾನಿ ಮೂಲದ ಹಿರೋಮಿ ಶಿನ್ಯಾ ಎಂಬಿಬ್ಬರು, ಕೊಳವೆಯ ಮೂಲಕ ತಂತಿಯ ಕುಣಿಕೆಯೊಂದನ್ನು ಕಳಿಸಿ, ಪಾಲಿಪಿನ ತೊಟ್ಟಿಗೆ ಸಿಕ್ಕಿಸಿ, ವಿದ್ಯುತ್ ಹಾಯಿಸಿ ಕತ್ತರಿಸಿದರು. ಅಲ್ಲಿಯವರೆಗೆ ಕರುಳಿನ ಒಳಭಾಗದ ಪಾಲಿಪ್ ತೆಗೆಯಲು ಹೊಟ್ಟೆಯನ್ನೇ ಕೊಯ್ಯಬೇಕಾಗಿತ್ತು.

ಇಂದಿಗೂ ವಿಧಾನ ಬಹುಮಟ್ಟಿಗೆ ಅದೇ. 10 ಮಿಲಿಮೀಟರಿಗಿಂತ ಚಿಕ್ಕವನ್ನು ವಿದ್ಯುತ್ತಿಲ್ಲದೆ ಬರಿಯ ಕುಣಿಕೆಯಿಂದಲೇ ಕತ್ತರಿಸುವುದು ಈಗಿನ ರೂಢಿ. ದೊಡ್ಡವಕ್ಕೆ ವಿದ್ಯುತ್ ಬೇಕಾಗುತ್ತದೆ. ಅಗಲವಾಗಿ ಹರಡಿಕೊಂಡದ್ದಾದರೆ ಅದರ ಕೆಳಗೆ ದ್ರವವನ್ನು ಚುಚ್ಚಿ, ಗುಳ್ಳೆಯಂತೆ ಮೇಲೆದ್ದ ನಂತರ ಕತ್ತರಿಸುತ್ತಾರೆ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಗಾಳಿ ತುಂಬಿ ಹಿಗ್ಗಿಸಿದಾಗಿನ ನೋವು ಮಾತ್ರ ತಿಳಿಯುತ್ತದೆ. ಅದಕ್ಕಾಗಿಯೇ ಮಂಪರು ಬರುವ ಮದ್ದು ಕೊಡುವುದು.

ಫಲವೇನೆಂದು ಕೇಳಿದರೆ ಅಂಕಿ-ಅಂಶಗಳಿವೆ. ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನದಲ್ಲಿ ಅಡಿನೋಮ ತೆಗೆಸಿಕೊಂಡ 2,602 ಮಂದಿಯನ್ನು ದೀರ್ಘಕಾಲ, ಕೆಲವರನ್ನು 23 ವರ್ಷಗಳವರೆಗೂ, ಗಮನಿಸಲಾಯಿತು. ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದ ಲೆಕ್ಕಕ್ಕೆ ಹೋಲಿಸಿದರೆ ಇವರಲ್ಲಿ ಕರುಳಿನ ಕ್ಯಾನ್ಸರಿನಿಂದಾದ ಸಾವು ಶೇ. 53ರಷ್ಟು ಕಡಿಮೆಯೆಂದು 2012ರಲ್ಲಿ ವರದಿಯಾಯಿತು.

ಇನ್ನು ರೋಗಿಯ ಅನುಭವಕ್ಕೆ ಬರುತ್ತೇನೆ. ನನಗೆ 2017ರಲ್ಲಿ ಎರಡು ಪಾಲಿಪ್‌ಗಳನ್ನೂ 2021ರಲ್ಲಿ ಒಂದನ್ನೂ ತೆಗೆದಿದ್ದಾರೆ. ಇದರಲ್ಲಿ ನಿಜವಾಗಿ ಕಷ್ಟವಾದ ಭಾಗ ಯಾವುದೆಂದರೆ ಹಿಂದಿನ ದಿನದ ಸಿದ್ಧತೆ. ಕೆಲವು ದಿನ ಮೊದಲಿನಿಂದಲೇ ಸೊಪ್ಪು, ಬೀಜವಿರುವ ಹಣ್ಣು, ನಾರಿನ ಪದಾರ್ಥಗಳು ವರ್ಜ್ಯ. ಹಿಂದಿನ ದಿನ ಎಳನೀರು, ಸಾರಿನ ತಿಳಿ, ಹಾಲಿಲ್ಲದ ಚಹಾ ಇಷ್ಟೇ. ಸಂಜೆಯಿಂದ ಎರಡು ಲೀಟರ್ ನೀರಿಗೆ ಕರಗಿಸಿದ ಭೇದಿಯ ಪುಡಿಯನ್ನು ಲೋಟ ಲೋಟವಾಗಿ ಕುಡಿಯಬೇಕು. ಅದರ ರುಚಿ ಉಪ್ಪು ಹಾಕಿದ ಸಕ್ಕರೆನೀರಿನಂತೆ, ಎರಡಕ್ಕೂ ಸಲ್ಲದ್ದು! ಆ ರಾತ್ರಿ ನಾನು ಹಾಸಿಗೆಯಲ್ಲಿ ಕಳೆದದ್ದಕ್ಕಿಂತ ಶೌಚಾಲಯದಲ್ಲಿ ಕಳೆದದ್ದೇ ಹೆಚ್ಚು. ಇದನ್ನು ಅಡ್ಡದಾರಿಯಲ್ಲಿ ಮುಗಿಸಬಾರದು. ಕರುಳು ಸ್ವಚ್ಛವಾಗದಿದ್ದರೆ ಸಣ್ಣ ಪಾಲಿಪ್ ಕಣ್ತಪ್ಪಿಹೋಗುತ್ತದೆ, ಆಗ ಪಟ್ಟ ಪಾಡೆಲ್ಲ ವ್ಯರ್ಥ. ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ನಿಲ್ಲಿಸುವುದಂತೂ ಅತ್ಯಂತ ಅಪಾಯಕರ.

ಮರುದಿನದ ಕಾರ್ಯ ನನಗೆ ತಿಳಿಯಲೇ ಇಲ್ಲ. ಕೈಗೆ ಸೂಜಿ ಚುಚ್ಚಿದ್ದು ನೆನಪಿದೆ. ಕಣ್ಣು ತೆರೆದಾಗ ಎಲ್ಲ ಮುಗಿದಿತ್ತು. ಹೊಟ್ಟೆಯುಬ್ಬರ ಸಂಜೆಯವರೆಗೆ ಇತ್ತು. ಆ ದಿನ ವಾಹನ ಚಲಾಯಿಸಬಾರದು, ಯಾವ ಕಾಗದಕ್ಕೂ ಸಹಿ ಮಾಡಬಾರದು ಎಂದರು. ಹದಿನೈದು ದಿನ ಭಾರ ಎತ್ತಬೇಡಿ, ದೂರದ ಪ್ರಯಾಣ ಬೇಡ ಎಂದರು. ಐದನೆಯ ದಿನ ಬೆಳಿಗ್ಗೆ ತುಸು ರಕ್ತ ಕಂಡಿತು. ಅವರು ಕೊಟ್ಟ ಚೀಟಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ, ಎರಡನೆಯ ಸಲ ಕಂಡರೆ ಕೂಡಲೇ ಬನ್ನಿ ಎಂದರು, ಮತ್ತೆ ಕಾಣಲಿಲ್ಲ. ತೆಗೆದ ಜಾಗದಿಂದ ಎರಡು ವಾರಗಳವರೆಗೂ ರಕ್ತ ಬರುವ ಸಂಭವವುಂಟು. ಹೆಚ್ಚಿನ ರಕ್ತಸ್ರಾವವಾಗುವುದು ನೂರರಲ್ಲಿ ಒಬ್ಬರಿಗೆ ಎಂಬಷ್ಟು; ದೊಡ್ಡ ಪಾಲಿಪ್ ಆದರೆ ಸಂಭವ ಇನ್ನೂ ಜಾಸ್ತಿ. ಕರುಳಿಗೆ ತೂತು ಬೀಳುವುದು ಅದಕ್ಕಿಂತಲೂ ಬಹಳ ಅಪರೂಪ, ಆದರೆ ಬಿದ್ದರೆ ಅದು ತುರ್ತು ಪರಿಸ್ಥಿತಿ. ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡರೆ, ಜ್ವರ ಬಂದರೆ, ತಲೆ ಸುತ್ತಿ ಬಿದ್ದರೆ, ಹೆಪ್ಪುಗಟ್ಟಿದ ರಕ್ತ ಹೋದರೆ, ಬೆಳಗಾಗಲಿ ನೋಡೋಣವೆಂದು ಕಾಯಬಾರದು.

ದೇಹದ ಪರಿಣಾಮ ಇಷ್ಟಾದರೆ ಮನಸ್ಸಿನ ಪರಿಣಾಮ ಬೇರೆಯೇ. ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ಬರುವವರೆಗಿನ ಒಂಬತ್ತು ದಿನಗಳನ್ನು ನಾನು ಮರೆಯಲಾರೆ. ಪರೀಕ್ಷೆ ಬರೆದ ಹುಡುಗರು ಫಲಿತಾಂಶಕ್ಕೆ ಕಾಯುವುದನ್ನು ಜೀವಮಾನವಿಡೀ ನೋಡಿದವನು ನಾನು. ಕಾಯುವ ಸರದಿ ನನ್ನದಾದಾಗ ಅದರ ಭಾರ ತಿಳಿಯಿತು. ವರದಿ ಬಂದಾಗ ಅದರಲ್ಲಿ ಟ್ಯೂಬ್ಯುಲರ್ ಅಡಿನೋಮ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ ಎಂದಿತ್ತು. ಡಿಸ್‌ಪ್ಲೇಸಿಯಾ ಎಂಬ ಪದವನ್ನು ಓದಿ ನನ್ನ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಕುಳಿತಳು. ವೈದ್ಯರಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ, ‘ಸರ್, ಕೋಶಗಳ ಬೆಳವಣಿಗೆಯಲ್ಲಿ ಕ್ರಮ ತಪ್ಪಿದೆ ಎಂದಷ್ಟೇ ಅದರರ್ಥ. ಅಡಿನೋಮ ಎಂದರೇ ಅಷ್ಟು ಇದ್ದೇ ಇರುತ್ತದೆ. ಪೂರ್ತಿ ತೆಗೆದಿದ್ದಾರೆ. ಮೂರು ವರ್ಷಕ್ಕೆ ಮತ್ತೆ ನೋಡಿಸಿ’ ಎಂದಳು. ನಾಲ್ಕು ವಾಕ್ಯಗಳು! ಅಷ್ಟರಿಂದ ಮನೆಗೆ ನಿದ್ರೆ ಬಂತು.

ಆದರೆ ಇಂತಹ ಶಿಷ್ಯೆ ಎಲ್ಲರಿಗೂ ಇರುವುದಿಲ್ಲ. ಇಲ್ಲಿ ನನ್ನ ಅಣ್ಣನ ಕಥೆಯನ್ನು ಹೇಳಬೇಕಾಗಿದೆ. ಅತ್ತಿಗೆಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ‘ಬರಿ, ಇನ್ನೊಬ್ಬರಿಗಾದರೂ ಆಗಲಿ’ ಎಂದರು.

ಅಣ್ಣ ತೀರ್ಥಹಳ್ಳಿಯ ಕಡೆ ಅಡಿಕೆ ತೋಟ ನೋಡಿಕೊಂಡಿದ್ದವನು. ಕನ್ನಡ ಚೆನ್ನಾಗಿ ಓದುತ್ತಿದ್ದ, ಯಕ್ಷಗಾನದ ಪ್ರಸಂಗಗಳು ಬಾಯಿಗೆ ಬರುತ್ತಿದ್ದವು, ಇಂಗ್ಲಿಷ್ ಗೊತ್ತಿರಲಿಲ್ಲ. 2017ರಲ್ಲಿ, ತನ್ನ 66ನೆಯ ವಯಸ್ಸಿನಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡ. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ತೋಟದ ಪಹಣಿಗಾಗಿ ಬೀರು ಹುಡುಕುತ್ತಿದ್ದಾಗ, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟಿದ್ದ ಆಸ್ಪತ್ರೆಯ ಕಾಗದವೊಂದು ಸಿಕ್ಕಿತು. 2009ರದ್ದು. 15 ಮಿಲಿಮೀಟರಿನ ಅಡಿನೋಮವನ್ನು ಕೊಲೊನೋಸ್ಕೋಪಿಯ ಮೂಲಕ ತೆಗೆದಿದೆಯೆಂದೂ ಮೂರು ವರ್ಷಗಳ ನಂತರ ಮತ್ತೆ ಪರೀಕ್ಷಿಸಬೇಕೆಂದೂ ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಕೊನೆಯ ಸಾಲು ಪುಟದ ಅಡಿಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ ಇತ್ತು. ಅತ್ತಿಗೆಗೆ ಗೊತ್ತಿದ್ದದ್ದು ಇಷ್ಟೇ: ‘ಮೂಲವ್ಯಾಧಿಗೆ ಏನೋ ಮಾಡಿಸಿಕೊಂಡು ಬಂದೆ, ಸರಿಹೋಯಿತು’ ಎಂದು ಅಂದು ಆತ ಹೇಳಿದ್ದ. ನಮಗೆ ಯಾರಿಗೂ ಅಷ್ಟೂ ಗೊತ್ತಿರಲಿಲ್ಲ. 2012ರಲ್ಲಿ ಹೋಗಬೇಕಾಗಿದ್ದವನು ಹೋಗಲಿಲ್ಲ. 2015ರಲ್ಲಿ ಮತ್ತೆ ರಕ್ತ ಕಂಡಾಗ ಮೂಲವ್ಯಾಧಿಯೇ ಮರುಕಳಿಸಿತೆಂದು ನಾಟಿಮದ್ದು ಮಾಡಿದ; ಕೊನೆಕೊಯ್ಲು ಮುಗಿಯಲಿ, ನೋಡೋಣವೆಂದ. 2016ರಲ್ಲಿ ಪರೀಕ್ಷೆಯಾಗುವ ವೇಳೆಗೆ ರೋಗ ಯಕೃತ್ತಿಗೆ ಹರಡಿತ್ತು.

2009ರಲ್ಲಿ ವೈದ್ಯರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಪಾಲಿಪ್ ಪೂರ್ತಿಯಾಗಿ ಹೋಗಿತ್ತು, ಸಲಹೆಯೂ ಸರಿಯಾಗಿತ್ತು. ಆ ಸಲಹೆ ಅಣ್ಣನನ್ನು ತಲುಪಲಿಲ್ಲ, ಅಷ್ಟೇ. ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದ್ದರೆ, ಓದಿದ ಮಗನ ಕಣ್ಣಿಗೆ ಆ ಕಾಗದ ಬಿದ್ದಿದ್ದರೆ, ಆ ಗಡುವು ತಪ್ಪುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಆ ಕಾಗದವನ್ನು ಹಿಡಿದುಕೊಂಡೇ ನಾನು ಅದೇ ವರ್ಷ ಪರೀಕ್ಷೆಗೆ ಹೋದದ್ದು. ನನ್ನಲ್ಲಿ ಕಂಡ ಎರಡರಲ್ಲಿ ಒಂದು 12 ಮಿಲಿಮೀಟರ್ ಇತ್ತು. ಅಣ್ಣ ಎಂಟು ವರ್ಷ ಬಚ್ಚಿಟ್ಟ ಕಾಗದ ನನ್ನನ್ನು ಉಳಿಸಿತೇನೋ ಎಂದು ಯೋಚಿಸಿದಾಗ ಗಂಟಲು ಕಟ್ಟುತ್ತದೆ.

ಹೀಗಾಗಿಯೇ ಕರುಳಸಂಬಂಧವೆಂಬ ಮಾತು ನನಗೆ ಈಗ ಬರಿಯ ನುಡಿಗಟ್ಟಾಗಿ ಉಳಿದಿಲ್ಲ. ತಂದೆತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ 60 ವರ್ಷದೊಳಗೆ ಕರುಳಿನ ಕ್ಯಾನ್ಸರ್ ಅಥವಾ ದೊಡ್ಡ ಅಡಿನೋಮ ಕಂಡಿದ್ದರೆ, ಉಳಿದವರು 40ನೆಯ ವಯಸ್ಸಿನಿಂದ, ಇಲ್ಲವೇ ಆ ವ್ಯಕ್ತಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ಯಾವುದು ಮೊದಲೋ ಆಗಿನಿಂದ ಕೊಲೊನೋಸ್ಕೋಪಿ ಮಾಡಿಸಿಕೊಂಡು ಐದು ವರ್ಷಕ್ಕೊಮ್ಮೆ ನೋಡಿಸಬೇಕೆಂಬುದು ಅಮೆರಿಕದ ತಜ್ಞಮಂಡಳಿಯ ಸಲಹೆ. ಅಣ್ಣನಿಗೆ 2009ರಲ್ಲಿ 58 ವರ್ಷ. ಲೆಕ್ಕ ಹಾಕಿ ನೋಡಿ. ಅಪರೂಪವಾಗಿ ಕೆಲವು ವಂಶಗಳಲ್ಲಿ ಕರುಳಿನ ತುಂಬ ನೂರಾರು ಪಾಲಿಪ್‌ಗಳಾಗುವ ರೋಗವಿದೆ. ಅದರಲ್ಲಿ ಒಂದೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಚಿಕಿತ್ಸೆಯಿಲ್ಲದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ. ಅಂಥಲ್ಲಿ ವಿಷಯ ಮುಚ್ಚಿಡುವುದೆಂದರೆ ಮಕ್ಕಳಿಗೆ ವಿಷ ಬಡಿಸಿದಂತೆಯೇ ಸರಿ.

ಮುಚ್ಚಿಡಲು ನಮ್ಮವರು ಕೊಡುವ ಕಾರಣಗಳು ಗೊತ್ತಿವೆ. ಮೊದಲನೆಯದು ನಾಚಿಕೆ. 1984ರಲ್ಲಿ ನಾನು ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿದ್ದಾಗ ಏಳು ವರ್ಷದ ಹುಡುಗನೊಬ್ಬನ ಖಾಕಿ ಚಡ್ಡಿಯಲ್ಲಿ ಆಗಾಗ್ಗೆ ರಕ್ತದ ಕಲೆ ಕಾಣುತ್ತಿತ್ತು. ಉಳಿದ ಮಕ್ಕಳು ನಗುತ್ತಿದ್ದರು, ಆತ ಶಾಲೆಗೆ ಬರುವುದನ್ನೇ ಬಿಡತೊಡಗಿದ. ಮನೆಯಲ್ಲಿ ಉಷ್ಣವೆಂದು ತಿಳಿದು ಆತನಿಗೆ ಬಗೆಬಗೆಯ ಪಥ್ಯ ಮಾಡಿಸುತ್ತಿದ್ದರು. ನಾನೂ ಮುಖ್ಯೋಪಾಧ್ಯಾಯರೂ ಹೋಗಿ ತಾಯಿಯನ್ನು ಒಪ್ಪಿಸಿ ಆಸ್ಪತ್ರೆಗೆ ಕಳಿಸಿದೆವು. ಗುದನಾಳದಲ್ಲಿ ಚೆರ್ರಿ ಹಣ್ಣಿನಂತಹ ಒಂದು ಪಾಲಿಪ್! ಅದನ್ನು ತೆಗೆದರು, ಹುಡುಗ ಮುಂದಿನ ವಾರ ಶಾಲೆಗೆ ಬಂದ. ಮಕ್ಕಳಲ್ಲಿ ನೋವಿಲ್ಲದೆ ರಕ್ತ ಹೋಗುವುದಕ್ಕೆ ಇಂತಹ ಪಾಲಿಪ್ ಒಂದು ಸಾಮಾನ್ಯ ಕಾರಣ. ಒಂದೇ ಒಂದಿದ್ದರೆ ಅದರಿಂದ ಮುಂದೆ ಕ್ಯಾನ್ಸರಿನ ಭಯವೂ ಇಲ್ಲವೆನ್ನಬಹುದು. ಆ ಮಗುವನ್ನು ಬಹುದಿನ ಕಾಡಿದ್ದು ಪಾಲಿಪಿಗಿಂತ ಹೆಚ್ಚಾಗಿ ನಗೆಪಾಟಲು. ಶಿಕ್ಷಕವೃತ್ತಿಯಲ್ಲಿರುವ ನನ್ನ ಶಿಷ್ಯರು ಇದನ್ನು ಗಮನದಲ್ಲಿಡಬೇಕು.

ಎರಡನೆಯ ಕಾರಣ ಮಕ್ಕಳ ಮದುವೆ. ಆ ಮನೆತನದಲ್ಲಿ ಕ್ಯಾನ್ಸರ್ ಇದೆಯಂತೆ ಎಂಬ ಮಾತು ಹೊರಬಿದ್ದರೆ ಸಂಬಂಧ ಕೂಡಿಬರುವುದಿಲ್ಲವೆಂಬ ಅಂಜಿಕೆ. ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಅಂತಹ ಮಾತುಗಳನ್ನು ನಾನೂ ಕೇಳಿದ್ದೇನೆ. ಆದರೆ ಊರಿಗೆ ಸಾರುವುದು ಬೇರೆ, ಒಡಹುಟ್ಟಿದವರಿಗೆ ಹೇಳುವುದು ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು. ಪಾಲಿಪ್ ಇತ್ತು, ತೆಗೆಸಿದ್ದಾರೆ, ಗಡುವಿಗೆ ಸರಿಯಾಗಿ ನೋಡಿಸುತ್ತಾರೆ ಎಂಬುದು ಯಾವ ಮನೆತನಕ್ಕೂ ಕಳಂಕವಲ್ಲ. ಅದು ಜವಾಬ್ದಾರಿಯ ಲಕ್ಷಣ.

ದೊಡ್ಡ ಹುದ್ದೆಯವರು ಇದನ್ನು ಹೇಗೆ ನಿಭಾಯಿಸಿದ್ದಾರೆಂದು ನೋಡಿ. 1985ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಸಣ್ಣ ಪಾಲಿಪೊಂದನ್ನು ತೆಗೆಸಿಕೊಳ್ಳಲು ಹೋದಾಗ, ಕರುಳಿನ ಇನ್ನೂ ಒಳಭಾಗದಲ್ಲಿ ದೊಡ್ಡದೊಂದು ಕಂಡಿತು. ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು; ಅದರಲ್ಲಿ ಕ್ಯಾನ್ಸರ್ ಇತ್ತು. ಅದೇ ತಿಂಗಳಲ್ಲಿ ಅವರ ಅಣ್ಣ ನೀಲ್ ರೇಗನ್ ಅವರಿಗೂ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ರೊನಾಲ್ಡ್ ರೇಗನ್ ಅನಂತರ ಬದುಕಿದ್ದು 2004ರವರೆಗೆ, 93 ವರ್ಷ. 2021ರ ನವೆಂಬರ್ 19ರಂದು ಅಧ್ಯಕ್ಷ ಜೋ ಬೈಡನ್ ಕೊಲೊನೋಸ್ಕೋಪಿಗೆ ಒಳಗಾದಾಗ 85 ನಿಮಿಷ ಅಧಿಕಾರವನ್ನು ಕಮಲಾ ಹ್ಯಾರಿಸ್ ಅವರಿಗೆ ವಹಿಸಿದ್ದರು. ಅಂದು ತೆಗೆದ 3 ಮಿಲಿಮೀಟರಿನ ಪಾಲಿಪ್ ಅಡಿನೋಮವೆಂಬುದನ್ನು ಅವರ ವೈದ್ಯರು ಲೋಕಕ್ಕೇ ಬರೆದು ತಿಳಿಸಿದರು. ಒಂದು ದೇಶದ ಅಧ್ಯಕ್ಷನ ಕರುಳಿನ ವರದಿಯನ್ನು ಪತ್ರಿಕೆಯಲ್ಲಿ ಓದುವ ನಾವು ನಮ್ಮ ತಮ್ಮನ ವರದಿಯನ್ನು ಓದಿಲ್ಲವೆಂದರೆ ಏನು ಹೇಳೋಣ!

ಮೂರನೆಯ ಆಕ್ಷೇಪ ವಿಚಾರವಂತರದು: ‘ಮೇಷ್ಟ್ರೇ, ಇವೆಲ್ಲ ದುಡ್ಡು ಮಾಡುವ ಪರೀಕ್ಷೆಗಳು.’ ಇದರಲ್ಲಿ ತಥ್ಯವೇ ಇಲ್ಲವೆನ್ನಲಾರೆ. ಪೋಲೆಂಡ್, ನಾರ್ವೆ, ಸ್ವೀಡನ್ ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ತೊಂದರೆಯೂ ಇಲ್ಲದ ಸಾಮಾನ್ಯ ಜನರನ್ನು ಕೊಲೊನೋಸ್ಕೋಪಿಗೆ ಆಹ್ವಾನಿಸಿದಾಗ ಹತ್ತು ವರ್ಷಗಳಲ್ಲಿ ಕರುಳಿನ ಕ್ಯಾನ್ಸರ್ ಬರುವುದು ಶೇ. 18ರಷ್ಟು ಮಾತ್ರ ಕಡಿಮೆಯಾಯಿತು. ಸಾವಿನ ಪ್ರಮಾಣದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆಹ್ವಾನಿತರಲ್ಲಿ ಬಂದವರು ಶೇ. 42 ಮಾತ್ರ ಎಂಬುದನ್ನೂ ಸೇರಿಸಿ ಹೇಳಬೇಕು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದ್ದರಿಂದ ಎಲ್ಲರೂ ನಾಳೆಯೇ ಕೊಲೊನೋಸ್ಕೋಪಿಗೆ ಸಾಲು ನಿಲ್ಲಿರೆಂದು ನಾನು ಹೇಳುವುದಿಲ್ಲ. ನನ್ನ ಮಾತು ಮೂರು ಬಗೆಯವರಿಗೆ ಮಾತ್ರ: ರಕ್ತ ಕಂಡವರು, ಒಮ್ಮೆ ಪಾಲಿಪ್ ತೆಗೆಸಿಕೊಂಡವರು, ಮತ್ತು ಅಂತಹವರ ಒಡಹುಟ್ಟಿದವರು, ಮಕ್ಕಳು.

ಅತಿಯಾದ ಪರೀಕ್ಷೆಯೂ ಬೇಡವೆಂಬುದಕ್ಕೆ ಅದೇ ತಜ್ಞಮಂಡಳಿ 2020ರಲ್ಲಿ ನೀಡಿದ ಸೂಚನೆಗಳೇ ಆಧಾರ. 10 ಮಿಲಿಮೀಟರಿಗಿಂತ ಚಿಕ್ಕದಾದ ಒಂದೆರಡು ಅಡಿನೋಮಗಳಿದ್ದರೆ ಮುಂದಿನ ಪರೀಕ್ಷೆ 7ರಿಂದ 10 ವರ್ಷಕ್ಕೆ. ಮೂರು ನಾಲ್ಕಿದ್ದರೆ 3ರಿಂದ 5 ವರ್ಷಕ್ಕೆ. ದೊಡ್ಡದೋ ಹೆಚ್ಚು ಸಂಖ್ಯೆಯದೋ ಆಗಿದ್ದರೆ 3 ವರ್ಷಕ್ಕೆ. ಸಣ್ಣದೊಂದು ತೆಗೆದವರನ್ನು ಪ್ರತಿ ವರ್ಷ ಕರೆಯುತ್ತಿದ್ದರೆ ಏಕೆಂದು ವಿನಯದಿಂದ ಕೇಳಿ. ಕೇಳುವ ಹಕ್ಕು ರೋಗಿಗಿದೆ. ವರದಿ ಕೈಯಲ್ಲಿದ್ದು ಅರ್ಥವಾಗಿದ್ದರೆ ತಾನೇ ಕೇಳಲಾಗುವುದು?

ಆದ್ದರಿಂದ ಆಸ್ಪತ್ರೆಗಳಿಗೆ ನನ್ನದೊಂದು ಒತ್ತಾಯವಿದೆ. ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಇರುವುದರಿಂದ ಈ ಮಾತು ಅವರ ಮೂಲಕವಾದರೂ ತಲುಪೀತು. ಇಂಗ್ಲಿಷ್ ವರದಿಯ ಜೊತೆಗೆ ಕನ್ನಡದಲ್ಲಿ ನಾಲ್ಕೇ ಸಾಲಿನ ಚೀಟಿಯೊಂದನ್ನು ಕೊಡಿ. ಏನನ್ನು ತೆಗೆದೆವು, ಅದು ಯಾವ ಬಗೆಯದು, ಮತ್ತೆ ಯಾವ ತಿಂಗಳು ಯಾವ ವರ್ಷ ಬರಬೇಕು, ಮನೆಯಲ್ಲಿ ಯಾರಿಗೆ ತಿಳಿಸಬೇಕು. ಇಷ್ಟನ್ನು ಬರೆಯಲು ಎರಡು ನಿಮಿಷ ಸಾಕು. ರೋಗಿಯ ಕಿವಿಗೆ ಮಂಪರಿನಲ್ಲಿ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಜೊತೆಗೆ ಬಂದವರನ್ನು ಕೂರಿಸಿ ಹೇಳಿ. ಕನ್ನಡ ಮಾತ್ರ ಬಲ್ಲ ಅಡಿಕೆ ಬೆಳೆಗಾರನ ಜೀವಕ್ಕೆ ಸಂಬಂಧಿಸಿದ ಸಾಲೊಂದು ಆತನಿಗೆ ಬಾರದ ಭಾಷೆಯಲ್ಲಿ, ಕಾಗದದ ಅಡಿಯಲ್ಲಿ ಇರಬಾರದು.

ಬಂಧುಗಳಲ್ಲಿ ನನ್ನ ವಿನಂತಿ ಬೇರೆ. ನಮ್ಮ ಮನೆತನದ ವಂಶವೃಕ್ಷವನ್ನು ಏಳು ತಲೆಮಾರಿನವರೆಗೆ ಬರೆಸಿ ಕಟ್ಟು ಹಾಕಿಸಿಟ್ಟಿದ್ದೇವೆ. ಅದರ ಪ್ರತಿಯೊಂದರಲ್ಲಿ ನಾನೀಗ ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡತೊಡಗಿದ್ದೇನೆ: ಯಾರಿಗೆ ಕರುಳಿನ ಕಾಯಿಲೆ ಇತ್ತು, ಎಷ್ಟನೆಯ ವಯಸ್ಸಿನಲ್ಲಿ. ಅಣ್ಣನ ಹೆಸರಿನ ಮುಂದೆ 58 ಎಂದೂ, ನನ್ನ ಹೆಸರಿನ ಮುಂದೆ 64 ಎಂದೂ ಬರೆದಿದ್ದೇನೆ. ಅಣ್ಣನ ಹಿರಿಯ ಮಗ ಪರೀಕ್ಷೆ ಮಾಡಿಸಿಕೊಂಡ. 41ನೆಯ ವಯಸ್ಸಿನಲ್ಲಿ ಆತನಲ್ಲಿಯೂ ಒಂದು ಸಣ್ಣ ಅಡಿನೋಮ ಕಂಡು, ಅದನ್ನು ತೆಗೆದಾಗಿದೆ. ಆತ ಅದನ್ನು ಅಂದೇ ನಮಗೆಲ್ಲ ತಿಳಿಸಿದ. ಇನ್ನೂ ಹೋಗದವರು ಯಾರೆಂಬುದು ನಿಮಗೇ ಗೊತ್ತು, ಹೆಸರು ಬರೆಯುವುದಿಲ್ಲ. ಮುಂದಿನ ತಿಥಿಗೆ ಎಲ್ಲರೂ ಸೇರಿದಾಗ ಊಟವಾದ ಮೇಲೆ ಆ ಹಾಳೆಯನ್ನು ಜಗುಲಿಯ ಮೇಲೆ ಹರಡುತ್ತೇನೆ. ನಾಚಿಕೆ ಬಿಟ್ಟು ನಿಮ್ಮ ನಿಮ್ಮ ವಿವರಗಳನ್ನು ತುಂಬಿಸಿ. ನನ್ನ ಎರಡೂ ವರದಿಗಳ ಪ್ರತಿಯನ್ನು ಅಲ್ಲಿಯೇ ಇಟ್ಟಿರುತ್ತೇನೆ. ಬೇಕಾದವರು ಓದಬಹುದು, ಅರ್ಥವಾಗದ ಪದಗಳನ್ನು ಕೇಳಬಹುದು. ಪಾಠ ಹೇಳುವ ಅಭ್ಯಾಸ ನನಗಿನ್ನೂ ಬಿಟ್ಟಿಲ್ಲ.

ಎಲ್ಲರಿಗೂ ಆರೋಗ್ಯಭಾಗ್ಯ ದೊರೆಯಲಿ.